ತಾಯಮ್ಮನ ದನಿ ಹೊತ್ತ ಪೆಟ್ಟಿಗೆ

ನಾನು ಒಂದು ಸೆಂಟರ್ ಸ್ಪೀಕರ್. ಟಿವಿಯ ಕೆಳಗೆ ಮಗ್ಗುಲಾಗಿ ಮಲಗಿದಂತೆ ಕೂರುವ ಅಡ್ಡ ಪೆಟ್ಟಿಗೆ. ಮನೆಯ ಹಾಲಿನಲ್ಲೇ ಟಾಕೀಸು ಕಟ್ಟಿಕೊಳ್ಳುವ ಆಸೆಯವರು ಮೂಲೆಗೊಂದು ಗೋಡೆಗೊಂದು ಸ್ಪೀಕರ್ ಇಡುತ್ತಾರೆ. ಗುಡುಗು, ಮಳೆ, ಕುದುರೆ ಓಟ, ಹೊಡೆದಾಟ ಎಲ್ಲ ಅವುಗಳ ಪಾಲು. ಮನುಷ್ಯರು ಆಡುವ ಮಾತು ನನ್ನ ಪಾಲು. ತಾಯಿ ಮಗನನ್ನು ಬೈದರೂ ನಾನೇ ಬೈಯಬೇಕು, ಮಗ ತಾಯಿಯನ್ನು ಕರೆದರೂ ನಾನೇ ಕರೆಯಬೇಕು.

ನನ್ನ ಮೈ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯದು. ಒಳಗೆ ಅರಳೆಯಂಥ ನಾರು ತುಂಬಿದರು. ಮುಂದೆ ಎರಡು ಕಾಗದದ ಬಟ್ಟಲು ಕೂರಿಸಿ, ನಡುವೆ ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದಾದ ರೇಷ್ಮೆಯ ಗುಬಟು ಇಟ್ಟರು. ಕಾರ್ಖಾನೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ನನ್ನ ಬೆನ್ನಿಗೆ ತಂತಿ ಸಿಕ್ಕಿಸಿ ಒಂದು ಸದ್ದು ಹಾಯಿಸಿದಳು. ಅದು ಮಾತೂ ಅಲ್ಲ, ಹಾಡೂ ಅಲ್ಲ. ತಗ್ಗಿನಿಂದ ಎತ್ತರಕ್ಕೆ ಏರುತ್ತ ಹೋಗುವ ಬರಿಯ ಕೂಗು. ಎಲ್ಲೂ ಒಡೆಯಲಿಲ್ಲ. ಅವಳು ತಲೆಯಾಡಿಸಿ ಮುಂದಿನದಕ್ಕೆ ಕೈ ಹಾಕಿದಳು. ಹುಟ್ಟಿದ ದಿನ ನನಗೆ ಸಿಕ್ಕ ಮರ್ಯಾದೆ ಅಷ್ಟು.

ನನ್ನನ್ನು ಕೊಂಡವನು ಚಲುವರಾಜು. ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ವಿಭಾಗದ ಫೋರ್ಮನ್. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಬೇರಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವುದು ಈ ವಾರ ಕೆಡುತ್ತದೆ, ಯಾವುದು ಸುಗ್ಗಿ ಮುಗಿಯುವವರೆಗೆ ಬಾಳುತ್ತದೆ ಎಂದು ಹೇಳುತ್ತಿದ್ದ. ಇಂಜಿನಿಯರುಗಳೂ ಅವನ ಮಾತು ಕೇಳಿ ಗಾಣ ನಿಲ್ಲಿಸುತ್ತಿದ್ದರಂತೆ. "ನನ್ ಕಿವಿ ಅಂದ್ರೆ ಕಿವಿ" ಎಂದು ಅವನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ಅಂಗಡಿಯಲ್ಲಿ ನನ್ನನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಟ್ಟಲು ಒತ್ತಿ ನೋಡಿ, ಅಂಗಡಿಯ ನಯಾಜನಿಗೆ, "ಇದ್ಕೆ ಗಂಟ್ಲೈತೆ ಕಣಯ್ಯ, ಕಟ್ಟು" ಅಂದ.

ಮನೆ ಊರಾಚೆಯ ಹೊಸ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿತ್ತು. ಟಿವಿ ಸ್ಟ್ಯಾಂಡಿನ ಕೆಳಗಿನ ಹಲಗೆ ನನ್ನ ಜಾಗ. ಅಲ್ಲಿಂದ ನನಗೆ ಮೊದಲು ಕಾಣುತ್ತಿದ್ದದ್ದು ಕಾಲುಗಳು. ಚಲುವರಾಜುವಿನ ಹಿಮ್ಮಡಿ ನೆಲಕ್ಕೆ ಬಡಿದು ಬರುತ್ತಿತ್ತು. ಮಗಳು ಚಂದನಳ ಕಾಲು ಯಾವಾಗಲೂ ಬಾಗಿಲ ಕಡೆ ತಿರುಗಿರುತ್ತಿತ್ತು. ತಾಯಮ್ಮನ ಕಾಲು ಸದ್ದಿಲ್ಲದೆ ಬಂದು, ಕಸ ಹೊಡೆದು, ಸದ್ದಿಲ್ಲದೆ ಹೋಗುತ್ತಿತ್ತು. ಅವಳು ಚಲುವರಾಜುವಿನ ಹೆಂಡತಿ.

ಆಗ ಮನೆಯಲ್ಲಿದ್ದ ಆಂಪ್ಲಿಫೈಯರ್ ಅಗ್ಗದ್ದು. ಅದರಿಂದ ಬಂದದ್ದೆಲ್ಲ ಕಂಬಳಿ ಹೊದ್ದು ಬಂದ ಹಾಗೆ ಬರುತ್ತಿತ್ತು. ಆದರೆ ಅದಕ್ಕೆ ಮೈಕ್ ಸಿಕ್ಕಿಸುವ ತೂತು ಇತ್ತು. ಗೌರಿ ಹಬ್ಬದ ದಿನ ಅಪಾರ್ಟ್‌ಮೆಂಟಿನ ಹೆಂಗಸರು ಬಾಗಿನಕ್ಕೆ ಬಂದಾಗ ಚಲುವರಾಜುವೇ ಮೈಕು ಸಿಕ್ಕಿಸಿ ಹೆಂಡತಿಯ ಕೈಗೆ ಕೊಟ್ಟ.

"ಹಾಡೇ. ನಿಮ್ ಊರಲ್ಲಿ ಮೈಕಿಲ್ದೆ ಊರೆಲ್ಲ ಕೇಳೋ ಹಂಗೆ ಹಾಡ್ತಿದ್ದೆ."

ತಾಯಮ್ಮ ಸೋಬಾನೆ ಹಾಡುವವಳು. ಅವಳ ತಾಯಿಯೂ ಹಾಡುತ್ತಿದ್ದಳು. ಅವರ ಕಡೆ ಮದುವೆಯಲ್ಲಿ ಹೆಣ್ಣಿಗೆ ಅರಿಶಿನ ಹಚ್ಚುವಾಗ ಒಬ್ಬಳು ಮುಂದಾಗಿ ಒಂದು ಸಾಲು ಹೇಳಬೇಕು, ಉಳಿದವರೆಲ್ಲ ಅದೇ ಸಾಲನ್ನು ತಿರುಗಿ ಹೇಳಬೇಕು. ಮುಂದಾಗುವವಳನ್ನು ಸುಮ್ಮನೆ ಬಾ ಎಂದು ಕರೆಯುವಂತಿಲ್ಲ. ವೀಳ್ಯದೆಲೆ, ಅಡಿಕೆ ಹಿಡಿದು ಮನೆಬಾಗಿಲಿಗೆ ಬಂದು ಕರೆಯಬೇಕು. ಲಗ್ನದ ಕಾಲದಲ್ಲಿ ತಾಯಮ್ಮನ ಫ್ರಿಜ್ಜಿನಲ್ಲಿ ವೀಳ್ಯದೆಲೆ ಮುಗಿದ ದಿನವೇ ಇರುತ್ತಿರಲಿಲ್ಲ. ಅವಳಿಗೆ ಬೇರೆ ಒಡವೆ ಇರಲಿಲ್ಲ. ಇದ್ದ ಒಡವೆ ಇದೊಂದೇ.

ಅವತ್ತು ಅವಳು ಸೆರಗು ಸರಿಮಾಡಿಕೊಂಡು ಹಾಡಿದಳು.

"ಅಂಗಳ ತುಂಬ್ಯಾದೆ, ಅರಿಶಿನ ನಗುತಾದೆ, ಬಾರವ್ವ ಮಗಳೆ ಮಣೆ ಮ್ಯಾಲೆ..."

ಸಾಲು ಮುಗಿಸಿ ಸುಮ್ಮನಾದಳು. ಬಂದಿದ್ದವರಲ್ಲಿ ಹಳ್ಳಿಯಿಂದ ಬಂದವರೇ ಹೆಚ್ಚು. ತಾವಾಗಿಯೇ ಸೊಲ್ಲು ಹಿಡಿದು ಆ ಸಾಲನ್ನು ತಿರುಗಿ ಹೇಳಿದರು. ಅದುವರೆಗೆ ನಾನು ಸಿನಿಮಾದವರ ಮಾತು ಹೊತ್ತಿದ್ದೆ. ಎದುರಿಗೇ ನಿಂತ ಹೆಂಗಸಿನ ದನಿ ನನ್ನೊಳಗೆ ಹಾದು ಅವಳ ಕಿವಿಗೇ ತಿರುಗಿ ಹೋದದ್ದು ಅದೇ ಮೊದಲು. ಚಲುವರಾಜು ಬಾಗಿಲಿಗೊರಗಿ ನಿಂತು, "ನಮ್ಮೋಳು" ಎಂದು ಪಕ್ಕದವನಿಗೆ ಹೇಳಿದ.

ಅಲ್ಲಿಗೇ ನಿಂತಿದ್ದರೆ ಈ ಕಥೆ ಹೇಳುವ ಅಗತ್ಯ ಇರುತ್ತಿರಲಿಲ್ಲ. ಚಲುವರಾಜುವಿಗೆ ನಿಲ್ಲಲು ಬರುತ್ತಿರಲಿಲ್ಲ. ಮೊದಲು ಆಂಪ್ಲಿಫೈಯರ್ ಬದಲಾಯಿತು. ಹೊಸದರ ಜೊತೆ ಒಂದು ಪುಟ್ಟ ಮೈಕು ಬಂದಿತ್ತು, ಹಾಡುವುದಕ್ಕಲ್ಲ, ಮನೆಯನ್ನು ಅಳೆಯುವುದಕ್ಕೆ. ಅದನ್ನು ಸೋಫಾದ ನಡುವೆ ನಿಲ್ಲಿಸಿ ನಾವೆಲ್ಲ ಒಬ್ಬರಾದ ಮೇಲೊಬ್ಬರು ಕೂಗಬೇಕು, ಅದು ಕೇಳಿಸಿಕೊಂಡು ಯಾರ ಸದ್ದು ಎಷ್ಟಿರಬೇಕೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಆ ಹೊತ್ತು ಮನೆಯಲ್ಲಿ ಬೇರೆ ಸದ್ದು ಇರಬಾರದು. ಚಲುವರಾಜು ಫ್ಯಾನ್ ಆರಿಸಿದ, ಫ್ರಿಜ್ ಆರಿಸಿದ, ಹೆಂಡತಿಯನ್ನೂ ಮಗಳನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿದ. ಎಲ್ಲ ಮುಗಿಯುವ ಹೊತ್ತಿಗೆ ಒಲೆಯ ಮೇಲಿದ್ದ ಕುಕ್ಕರ್ ಸೀಟಿ ಹಾಕಿತು.

"ಅದ್ರ ಬಾಯಿ ಮುಚ್ಚಕ್ಕಾಗಲ್ವೇನೇ ನಿಂಗೆ? ಅದ್ಕಾಗ್ದಿದ್ರೆ ನಿಂದಾದ್ರೂ ಮುಚ್ಕೊಂಡು ಆಚೆ ಹೋಗು!"

ತಾಯಮ್ಮ ಕುಕ್ಕರ್ ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋಗಿ ಕೂತಳು.

ಹೊಸ ಆಂಪ್ಲಿಫೈಯರ್ ನನ್ನ ಗಂಟಲಿನ ಕಂಬಳಿಯನ್ನು ಕಿತ್ತು ಹಾಕಿತು. ಎದುರು ಬಂದದ್ದನ್ನು ಇದ್ದ ಹಾಗೇ ಹೇಳುವವನಾದೆ. ಮೈಕಿಗೆ ಬೇರೆ ಒಂದು ಪೆಟ್ಟಿಗೆ ತಂದು ಜೋಡಿಸಿದ. ತಾಯಮ್ಮನನ್ನು ಕರೆದು ಹಾಡಿಸಿದ. ಎರಡು ಸಾಲಾಗಿರಲಿಲ್ಲ, ಸೋಫಾದಿಂದ ಬೆರಳೆತ್ತಿದ.

"ತಡಿ ತಡಿ. ಅದೇನದು, ಸೀಟಿ?"

"ಯಾವ್ದ್ರೀ?"

"ಸ ಬಂದಾಗೆಲ್ಲ ಸುಯ್ ಅಂತೈತೆ. ಹಲ್ಲಿನ ಸಂದಿಲಿ ಗಾಳಿ ಹೋಯ್ತಾ ಐತೆ. ಇಷ್ಟು ವರ್ಷ ಹಿಂಗೇ ಹಾಡ್ತಿದ್ಯಾ ನೀನು?"

ತಾಯಮ್ಮನ ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು ಇತ್ತು. ಮದುವೆಗೆ ಹೆಣ್ಣು ನೋಡಲು ಬಂದಾಗ ಅದನ್ನೇ ಅದೃಷ್ಟದ ಹಲ್ಲು ಎಂದು ಅವನ ಕಡೆಯವರು ಹೊಗಳಿದ್ದರಂತೆ. ಗಂಡ ಸೀಟಿ ಎಂದ ದಿನದಿಂದ ಅವಳು ಹಾಡುವಾಗ ಸೆರಗಿನ ತುದಿಯನ್ನು ತುಟಿಯ ಹತ್ತಿರ ಹಿಡಿದುಕೊಳ್ಳುವುದನ್ನು ಕಲಿತಳು.

ಮರುವರ್ಷ ನನ್ನ ಎರಡು ಪಕ್ಕಕ್ಕೂ ಆಳೆತ್ತರದ ಸ್ಪೀಕರುಗಳು ಬಂದವು. ಹಳೆಯ ಜೋಡಿಯನ್ನು ನಯಾಜ್ ಹೊತ್ತುಕೊಂಡು ಹೋದ. ಆಗ ಸಿಕ್ಕ ತಪ್ಪು ಉಸಿರಿನದು. "ಬಾವಿಂದ ನೀರು ಸೇದ್ದಂಗೆ ಉಸ್ರು ಎಳೀತೀಯ." ಆಮೇಲೆ ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಗೋಡೆಗೆ ಮೊಟ್ಟೆ ಜೋಡಿಸುವ ತಟ್ಟೆಯಂಥ ಕಪ್ಪು ಫೋಮು. ಹಾಲಿನಲ್ಲಿ ಒಂದು ಸದ್ದೂ ಗೋಡೆಗೆ ಬಡಿದು ಹಿಂತಿರುಗದ ಹಾಗಾಯಿತು. ಆಗ ಸಿಕ್ಕ ತಪ್ಪು ಶ್ರುತಿಯದು. "ಮೊದ್ಲಿನ ಸಾಲಿಗೂ ಕೊನೇ ಸಾಲಿಗೂ ಅರ್ಧ ಸ್ವರ ಇಳ್ದೋಗಿದ್ದೀಯ." ಶ್ರುತಿಪೆಟ್ಟಿಗೆ ಇಟ್ಟುಕೊಂಡು ಯಾರೂ ಸೋಬಾನೆ ಹಾಡುವುದಿಲ್ಲ ಎಂದು ಅವಳು ಒಮ್ಮೆ ಹೇಳಿದಳು. ಅವನು ನನ್ನ ಕಡೆ ಕೈ ತೋರಿಸಿ, "ನಾನ್ ಹೇಳ್ತಿಲ್ಲ ಕಣೇ. ಇದು ಹೇಳ್ತಾ ಐತೆ" ಅಂದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೀಟಿ ಇತ್ತು, ಉಸಿರು ಇತ್ತು, ಶ್ರುತಿ ಇಳಿಯುತ್ತಿತ್ತು. ಅಂಗಳದಲ್ಲಿ ಕೇಳುವಾಗ ಅವೆಲ್ಲ ಜನದ ದನಿಯಲ್ಲಿ ಕರಗಿಹೋಗುತ್ತಿದ್ದವು. ಇಲ್ಲಿ ಕರಗಲು ಜನ ಇರಲಿಲ್ಲ.

ಭಾನುವಾರ ಕಾರ್ಖಾನೆಯ ಗೆಳೆಯರು ಬಾಡೂಟಕ್ಕೆ ಬರುತ್ತಿದ್ದರು. ಅವರಿಗಾಗಿ ಚಲುವರಾಜು ಒಂದು ಆಟ ಕಟ್ಟಿದ. ತಾಯಮ್ಮ ಹಾಡಿದ್ದನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ನನ್ನ ಬಾಯಲ್ಲಿ ಹಾಡಿಸುವುದು, ತಪ್ಪು ಕೇಳಿದ ತಕ್ಷಣ ಕೈ ಎತ್ತುವುದು. ಮೊದಲು ಎತ್ತಿದವನಿಗೆ ನಲ್ಲಿಮೂಳೆ.

"ಅಗೋ ಸೀಟಿ!" ಎಂದು ರಾಮಲಿಂಗು ಎಗರಿದ.

"ಅದು ಹಳೇದು ಕಣ್ಲಾ. ಇನ್ನೊಂದೈತೆ, ಹುಡ್ಕು."

ತಾಯಮ್ಮ ಬಡಿಸುತ್ತಿದ್ದಳು. ಅವಳ ಕಾಲು ಒಬ್ಬೊಬ್ಬರ ಮುಂದೆ ನಿಂತು ಮುಂದಕ್ಕೆ ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು. "ಬೇಜಾರ್ ಮಾಡ್ಕಬೇಡಿ ಅತ್ಗೆ, ತಮಾಷೆಗೆ" ಎಂದು ರಾಮಲಿಂಗು ತಟ್ಟೆ ಮುಂದೆ ಚಾಚಿದ. "ಏ, ಬೇಜಾರೇನು" ಎಂದು ತಾಯಮ್ಮನೂ ನಕ್ಕಳು. ಅವತ್ತು ಗೆದ್ದವನ ತಟ್ಟೆಗೆ ಮೂಳೆ ಹಾಕಿದ್ದು ಅವಳೇ.

ಚಂದನಳ ಮದುವೆ ಗೊತ್ತಾಯಿತು. ಮೈಸೂರಿನ ಛತ್ರದಲ್ಲಿ ಧಾರೆ, ಅರಿಶಿನದ ಶಾಸ್ತ್ರ ಮಾತ್ರ ಮನೆಯಲ್ಲಿ. ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗ ತೆರವು ಮಾಡಿ ತೆಂಗಿನ ಗರಿಯ ಚಪ್ಪರ ಹಾಕಿದರು. ಊರಿನಿಂದ ದೇವೀರಮ್ಮ ತನ್ನ ಗುಂಪು ಕಟ್ಟಿಕೊಂಡು ಬರುವವಳಿದ್ದಳು. ತಾಯಮ್ಮನ ಜೊತೆ ಸೊಲ್ಲು ಹಿಡಿದೇ ಮುದುಕಿಯಾದವಳು ಅವಳು. ಮಗಳ ಅರಿಶಿನಕ್ಕೆ ತಾಯಿಯೇ ಮುಂದಾಗಿ ಹಾಡುವುದು ಅವರಲ್ಲಿ ದೊಡ್ಡ ಮಾತು. ತಾಯಮ್ಮ ತಿಂಗಳ ಮುಂಚಿನಿಂದಲೇ, ಗಂಡ ಕಾರ್ಖಾನೆಗೆ ಹೋದ ಮೇಲೆ, ಪಾತ್ರೆ ತೊಳೆಯುತ್ತ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಮೈಕಿನ ಹತ್ತಿರ ಬರುತ್ತಿರಲಿಲ್ಲ.

"ಮಗಳ ಮದ್ವೆಲಿ ಬೀಗರ ಮುಂದೆ ಸೀಟಿ ಹೊಡೀತೀಯಾ?" ಎಂದು ಚಲುವರಾಜು ಕೇಳಿದ. ಅವಳ ಒಳ್ಳೆಯ ರೆಕಾರ್ಡಿಂಗನ್ನು ಮೈಸೂರಿನ ಒಂದು ಸ್ಟುಡಿಯೋಗೆ ಒಯ್ದು ಶುದ್ಧ ಮಾಡಿಸಿಕೊಂಡು ಬಂದಿದ್ದ. ಸೀಟಿ ತೆಗೆಸಿದ್ದ, ಉಸಿರು ತೆಗೆಸಿದ್ದ, ಶ್ರುತಿ ಎತ್ತಿಸಿದ್ದ. ಶಾಸ್ತ್ರದ ಬೆಳಿಗ್ಗೆ ನನ್ನನ್ನೂ ಆಳೆತ್ತರದವರನ್ನೂ ಕೆಳಗೆ ಹೊತ್ತು ತಂದು ಚಪ್ಪರದಲ್ಲಿ ನಿಲ್ಲಿಸಿದರು.

ಚಂದನಳನ್ನು ಮಣೆಯ ಮೇಲೆ ಕೂರಿಸಿದರು. ದೇವೀರಮ್ಮ ಅರಿಶಿನದ ಬಟ್ಟಲು ಹಿಡಿದು, "ಸುರು ಮಾಡವ್ವ ತಾಯಮ್ಮ" ಅಂದಳು. ತಾಯಮ್ಮ ಬಾಯಿ ತೆರೆಯುವ ಮೊದಲು ನಾನು ಸುರು ಮಾಡಿದೆ.

ಮೊದಲ ಸಾಲು ಮುಗಿಯಿತು. ಹೆಂಗಸರು ತಿರುಗಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಎರಡನೆಯ ಸಾಲಿನಲ್ಲಿದ್ದೆ. ಸ್ಟುಡಿಯೋದವನಿಗೆ ಸೋಬಾನೆಯ ಕ್ರಮ ಏನು ಗೊತ್ತು? ಸಾಲಿನಿಂದ ಸಾಲಿಗೆ ತಾಯಮ್ಮ ಬಿಟ್ಟಿದ್ದ ಜಾಗವನ್ನು ಅವನು ಖಾಲಿ ಎಂದುಕೊಂಡು ಕತ್ತರಿಸಿ ಹಾಕಿದ್ದ. ಜನ ಹಾಡಬೇಕಾದ ಜಾಗ ಅದು. ಹೆಂಗಸರು ಮೊದಲ ಸಾಲಿನ ಅರ್ಧ ಹೇಳಿ, ಮುಗ್ಗರಿಸಿ, ಎರಡನೆಯದಕ್ಕೆ ಹಾರಿದರು. ನಾನು ಮೂರನೆಯದಕ್ಕೆ ಹೋದೆ. ಯಾರೋ ಕಿಸಕ್ಕನೆ ನಕ್ಕರು. ಒಬ್ಬೊಬ್ಬರಾಗಿ ಸುಮ್ಮನಾದರು. ನಾನೊಬ್ಬನೇ ಹಾಡಿದೆ, ಎಲ್ಲೂ ನಿಲ್ಲದೆ, ಯಾರನ್ನೂ ಕಾಯದೆ.

"ಇವ್ಳ್ಯಾರವ್ವ, ನಮ್ಗೆ ಕಾಯಾಕೇ ಇಲ್ವಲ್ಲ" ಎಂದಳು ದೇವೀರಮ್ಮ.

ತಾಯಮ್ಮ ತಡೆಯಲಾರದೆ ಸಣ್ಣಗೆ ದನಿ ಎತ್ತಿದಳು. ಚಲುವರಾಜು ಹಿಂದಿನಿಂದ ಬಗ್ಗಿ, ಬೀಗರಿಗೆ ಕೇಳದ ಹಾಗೆ, "ನೀನ್ ಬಾಯಿ ಹಾಕ್ಬೇಡ. ಎರ್ಡೂ ಬೆರ್ತು ಗಲೀಜಾಯ್ತದೆ" ಅಂದ. ಅವಳು ಬಾಯಿ ಮುಚ್ಚಿದಳು. ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು. ಬೀಗರ ಕಡೆಯ ಒಬ್ಬರು ನನ್ನ ಮುಂದೆ ನಿಂತು, "ಸಿ.ಡಿ. ಚೆನ್ನಾಗಿದೆ, ಯಾರು ಹಾಡಿರೋದು?" ಎಂದು ಕೇಳಿದರು.

ಮುಂದಿನ ಲಗ್ನದ ಕಾಲದಲ್ಲಿ ತಾಯಮ್ಮನ ಬಾಗಿಲಿಗೆ ವೀಳ್ಯ ಬರಲಿಲ್ಲ. ಊರಿನ ಒಂದು ಮದುವೆಗೆ ದೇವೀರಮ್ಮ ಬೇರೆ ಯಾರನ್ನೋ ಕರೆದಳೆಂದು ಗೊತ್ತಾಯಿತು. "ತಾಯಮ್ಮ ಈಗ ಮಿಸೀನಲ್ಲೇ ಹಾಡೋದು ಕಣ್ರವ್ವ" ಅಂದಿದ್ದಳಂತೆ. ತಾಯಮ್ಮ ಮೈಕಿಗೆ ಬಟ್ಟೆ ಸುತ್ತಿ ಷೋಕೇಸಿನಲ್ಲಿ ಇಟ್ಟಳು. ಪಾತ್ರೆ ತೊಳೆಯುವಾಗಲೂ ಅವಳ ದನಿ ಕೇಳದಾಯಿತು.

ಚಲುವರಾಜು ನಿವೃತ್ತನಾದ. ದಿನವೆಲ್ಲ ಸೋಫಾದ ನಡುವಿನ ಜಾಗದಲ್ಲಿ ಕೂತಿರುತ್ತಿದ್ದ. ನಮ್ಮೆಲ್ಲರ ಸದ್ದು ಸರಿಯಾಗಿ ಸೇರುವುದು ಆ ಒಂದು ಜಾಗದಲ್ಲಿ. ಅಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಕೆಲವು ಕಾಲದ ಮೇಲೆ ಅವನು ಗೊಣಗತೊಡಗಿದ.

"ಮಾತು ಬಿಡಿಸಿ ಬತ್ತಾ ಇಲ್ಲ. ಬಾಯಲ್ಲಿ ಮುದ್ದೆ ಇಟ್ಕೊಂಡು ಮಾತಾಡ್ದಂಗೈತೆ."

ನಯಾಜ್ ಬಂದ. ತಂತಿ ಬದಲಾಯಿಸಿದ. ಸರಿಹೋಗಲಿಲ್ಲ. ಆಂಪ್ಲಿಫೈಯರ್ ಬದಲಾಯಿತು. ಸರಿಹೋಗಲಿಲ್ಲ. ಆಳೆತ್ತರದವರು ಹೋಗಿ ಇನ್ನೂ ಎತ್ತರದವರು ಬಂದರು. ನಾನು ಮೊದಲ ದಿನ ಬೆಂಚಿನ ಮೇಲೆ ಹೇಗೆ ಕೂಗಿದ್ದೆನೋ ಹಾಗೇ ಇದ್ದೆ. ನಮ್ಮಲ್ಲಿ ಯಾರೂ ಕೆಟ್ಟಿರಲಿಲ್ಲ. ಇಷ್ಟು ವರ್ಷ ಗಾಣಗಳ ಆರ್ಭಟದ ನಡುವೆ ನಿಂತ ಅವನ ಕಿವಿ ಸೋತಿತ್ತು.

ಇದು ಮೊದಲು ಗೊತ್ತಾದದ್ದು ತಾಯಮ್ಮನಿಗೆ. ಒಂದು ಮಧ್ಯಾಹ್ನ ಸೋಫಾದ ಹಿಂದೆ ನಿಂತು, "ಕಾಫಿ ಬೇಕಾ?" ಎಂದಳು. ಅವನು ತಿರುಗಲಿಲ್ಲ. ಅವಳು ಅವನ ಬೆನ್ನು ನೋಡಿದಳು. ಆಮೇಲೆ ಅದೇ ದನಿಯಲ್ಲಿ, "ನಿನ್ ಕಿವಿಗೆ ಕಾದ ಸೀಸ ಹುಯ್ಯ" ಅಂದಳು. ಅವನು ತಿರುಗಲಿಲ್ಲ. ಅವಳು ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು, ಜೋರಾಗಿ, "ಕಾಫಿ ತರ್ಲಾ?" ಎಂದಾಗ, "ಹೂಂ, ಸಕ್ರೆ ಕಮ್ಮಿ" ಅಂದ.

ಅಂದಿನಿಂದ ಅವಳು ಅವನ ಹಿಂದೆ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಮಳೆ ಬಂತು ಎನ್ನುವ ದನಿಯಲ್ಲೇ ಬೈಗುಳ. ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ.

ಚಂದನ ತವರಿಗೆ ಬಂದವಳು ಎರಡೇ ದಿನಕ್ಕೆ, "ಅಮ್ಮ, ಅಪ್ಪಂಗೆ ಕಿವಿ ಕೇಳ್ತಿಲ್ಲ ಅನ್ಸುತ್ತೆ. ಡಾಕ್ಟ್ರಿಗೆ ತೋರ್ಸೋಣ. ಈಗ ಚಿಕ್ಕ ಮೆಷಿನ್ ಬಂದಿದೆ, ಕಾಣ್ಸೋದೇ ಇಲ್ಲ" ಎಂದಳು.

"ಬಾಯ್ ಮುಚ್ಚು. ನಿಮ್ಮಪ್ಪನ್ ಕಿವಿ ಏನಂತ ಊರಿಗೇ ಗೊತ್ತು" ಎಂದಳು ತಾಯಮ್ಮ. "ಸ್ಪೀಕರ್ ಹಳೇದಾಗೈತೆ, ಅಷ್ಟೆ."

ನಯಾಜನಿಗೂ ಅನುಮಾನ ಬಂದಿತ್ತು. ಒಮ್ಮೆ ನನ್ನ ಬೆನ್ನ ಹಿಂದೆ ತಂತಿ ಬಿಗಿಯುತ್ತ, "ಅಮ್ಮಾವ್ರೆ, ನಿಮ್ಗೆ ಮಾತು ಕ್ಲಿಯರ್ ಕೇಳ್ತಿದ್ಯಲ್ವಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನಂಗೇನ್ ಗೊತ್ತಾಯ್ತದೆ ನಯಾಜು. ಸಾಹೇಬ್ರನ್ನೇ ಕೇಳು."

ನಯಾಜ್ ಅವಳ ಮುಖ ನೋಡಿದ. ಮತ್ತೆ ಕೇಳಲಿಲ್ಲ. ಅವನ ವ್ಯಾಪಾರವೂ ನಡೆಯಬೇಕಿತ್ತು.

ಕೊನೆಗೆ ಮನೆಯಲ್ಲಿ ಹಳಬನಾಗಿ ಉಳಿದವನು ನಾನೊಬ್ಬ. "ಇದೇ ಕಳ್ಳ" ಎಂದು ಚಲುವರಾಜು ನನ್ನನ್ನು ಕಾಲಿನಿಂದ ತೋರಿಸಿದ. ನಯಾಜ್ ಹೊಸ ಸೆಂಟರ್ ಸ್ಪೀಕರ್ ತಂದ. ನನಗಿಂತ ಎರಡು ಪಟ್ಟು ಉದ್ದ, ಮೈಯೆಲ್ಲ ಕನ್ನಡಿಯ ಹೊಳಪು. ಎರಡನ್ನೂ ಹೋಲಿಸಿ ನೋಡಬೇಕೆಂದು ಚಲುವರಾಜು ಹಟ ಹಿಡಿದ.

"ಸಿನ್ಮಾದೋರ ದನಿ ಹೆಂಗಿತ್ತೋ ಯಾರಿಗ್ಗೊತ್ತು. ಇವ್ಳ ದನಿ ನಂಗೊತ್ತು. ಪ್ರತಿ ತಪ್ಪೂ ಬಾಯ್ಪಾಠ. ತಾಯಮ್ಮ, ಆ ಮೈಕ್ ತಗಿ."

ತಾಯಮ್ಮ ಷೋಕೇಸಿನಿಂದ ಮೈಕು ತೆಗೆದಳು. ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮೊದಲು ನನ್ನ ಸರದಿ. ಅವಳು ಹಾಡಿದಳು. ಎಷ್ಟೋ ವರ್ಷದ ಮೇಲೆ ಎದ್ದ ದನಿ, ಮೊದಲು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು, ಆಮೇಲೆ ತೆರೆಯಿತು. ಸೀಟಿ ಇತ್ತು, ಉಸಿರು ಇತ್ತು. ಸೆರಗು ತುಟಿಯ ಹತ್ತಿರ ಹೋಗಲಿಲ್ಲ. ಸಾಲಿನಿಂದ ಸಾಲಿಗೆ ನಿಂತು ಜಾಗ ಬಿಟ್ಟಳು. ಆ ಜಾಗವನ್ನು ತುಂಬುವವರು ಯಾರೂ ಇರಲಿಲ್ಲ. ನಯಾಜ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಕೇಳಿದ.

ಚಲುವರಾಜು ಮುಖ ಕಿವುಚಿದ. "ನೋಡ್ದಾ? ಗೊಜಗೊಜ. ಎಲ್ಲಾ ಒಂದೇ ಮುದ್ದೆ. ಕಿತ್ತು ಬಿಸಾಕು."

ನನ್ನ ತಂತಿ ಕಿತ್ತರು. ನೆಲಕ್ಕಿಳಿಸಿ ತಾಯಮ್ಮನ ಕಾಲ ಹತ್ತಿರ ಇಟ್ಟರು. ಹೊಳಪಿನವನನ್ನು ನನ್ನ ಹಲಗೆಯ ಮೇಲೆ ಕೂರಿಸಿದರು. ಚಲುವರಾಜು ಸೋಫಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಬೆರಳು ಸಿದ್ಧವಾಗಿಟ್ಟುಕೊಂಡ.

"ಹೂಂ, ಹಾಡು."

ನಾನು ಕೆಳಗಿನಿಂದ ನೋಡುತ್ತಿದ್ದೆ. ತಾಯಮ್ಮನ ಹೆಬ್ಬೆರಳು ಮೈಕಿನ ಗುಂಡಿಯನ್ನು ಕೆಳಕ್ಕೆ ಜಾರಿಸಿತು. ಮೈಕು ಸತ್ತಿತು. ಅವಳು ಅದನ್ನು ಬಾಯಿಯ ಹತ್ತಿರ ಹಿಡಿದು, ಕತ್ತು ಎತ್ತಿ, ತುಟಿ ಆಡಿಸತೊಡಗಿದಳು. ದನಿ ಇಲ್ಲ. ಒಂದು ಸಾಲು ಆಡಿಸಿದಳು, ನಿಂತಳು. ಇನ್ನೊಂದು ಸಾಲು ಆಡಿಸಿದಳು, ನಿಂತಳು. ಕಣ್ಣು ಗಂಡನ ಮುಖದ ಮೇಲೆಯೇ ಇತ್ತು.

ಚಲುವರಾಜು ರಿಮೋಟ್ ಒತ್ತಿದ. ಮತ್ತೆ ಒತ್ತಿದ. ಅವಳ ತುಟಿ ನೋಡಿದ, ಪೆಟ್ಟಿಗೆ ನೋಡಿದ, ನಯಾಜನನ್ನು ನೋಡಿದ. ನಯಾಜ್ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ. ಚಲುವರಾಜುವಿನ ಕೈ ಅರ್ಧ ಎದ್ದು ಕಿವಿಯವರೆಗೆ ಹೋಯಿತು. ಅಲ್ಲಿಂದ ತಿರುಗಿ ಬಂದು ತಲೆಗೂದಲನ್ನು ನೀವಿಕೊಂಡಿತು.

ತಾಯಮ್ಮ ಹಾಡು ಮುಗಿಸಿದಳು. ಮೈಕು ಕೆಳಗಿಳಿಸಿ, ಹತ್ತಿರ ಬಂದು, ಜೋರಾಗಿ ಕೇಳಿದಳು.

"ಹೆಂಗ್ ಬಂತ್ರೀ?"

ಅವನು ರಿಮೋಟನ್ನು ಪಕ್ಕಕ್ಕಿಟ್ಟ.

"ಸ್ಫಟಿಕ" ಎಂದ. "ಹಿಂಗಿರ್ಬೇಕು ಸ್ಪೀಕರ್ ಅಂದ್ರೆ. ಈ ಸಲ ಒಂದ್ ತಪ್ಪೂ ಇಲ್ಲ ಕಣೆ ನಿಂದು."

"ಸೀಟಿ?"

"ಇಲ್ಲ."

"ಉಸ್ರು?"

"ಅದೂ ಇಲ್ಲ. ಕರೆಕ್ಟಾಗಿ ಹಾಡ್ದೆ."

ತಾಯಮ್ಮ ಮೈಕನ್ನು ಟೀಪಾಯಿಯ ಮೇಲಿಟ್ಟಳು. "ಹಂಗಾದ್ರೆ ದಿನಾ ಹಾಡ್ತೀನಿ ಬುಡಿ" ಎಂದು ಹೇಳಿ ಅಡುಗೆಮನೆಗೆ ಹೋದಳು.

ಈಗ ನಾನು ನಯಾಜನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಡೆದ ಟಿವಿಗಳ ಪಕ್ಕದಲ್ಲಿದ್ದೇನೆ. ಹಳೆಯ ಆಂಪ್ಲಿಫೈಯರ್ ಒಂದನ್ನು ನನ್ನ ಮೇಲೆ ಪೇರಿಸಿದ್ದಾರೆ. ಬಟ್ಟಲಿನ ಅಂಚಿಗೆ ಇಲಿ ಬಾಯಿ ಹಾಕಿದೆ. ಮೊನ್ನೆ ನಯಾಜ್ ಆ ಮನೆಗೆ ರಿಮೋಟಿನ ಸೆಲ್ ಹಾಕಲು ಹೋಗಿದ್ದನಂತೆ, ಬಂದವನು ಪಕ್ಕದ ಅಂಗಡಿಯವನಿಗೆ ಹೇಳುತ್ತಿದ್ದ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮಾವ್ರು ಹಾಡುತ್ತಾರಂತೆ, ಸಾಹೇಬ್ರು ಆ ನಡುವಿನ ಜಾಗದಲ್ಲಿ ಕೂತು ತಲೆಯಾಡಿಸುತ್ತಾರಂತೆ. ಮುಗಿದ ಮೇಲೆ ಎಲ್ಲಿ ಚೆನ್ನಾಗಿತ್ತು ಎಂದು ಅಮ್ಮಾವ್ರು ಬಿಡಿಸಿ ಬಿಡಿಸಿ ಕೇಳುತ್ತಾರಂತೆ, ಸಾಹೇಬ್ರು ಹೇಳಲೇಬೇಕಂತೆ.

"ಮೈಕು ಆಫ್ ಇತ್ತಣ್ಣ" ಎಂದ ನಯಾಜ್. "ನಂಗೆ ಅಲ್ಲಿ ನಿಂತ್ಕೊಳಕ್ಕಾಗ್ಲಿಲ್ಲ."

ಕೊಟ್ಟ ದನಿಯನ್ನು ಕೊಟ್ಟ ಹಾಗೆ ಹೊರಡಿಸುವುದಷ್ಟೇ ನನ್ನ ಜಾತಿಗೆ ಗೊತ್ತಿರುವ ಕೆಲಸ. ಎದುರಿಗೆ ಕೂತವರು ಅದನ್ನು ಹೇಗೆ ಕೇಳುತ್ತಾರೆ ಎಂಬುದು ನಮ್ಮ ಕೈಯಲ್ಲಿ ಇಲ್ಲ. ಆ ಮನೆಯಲ್ಲಿ ತಾಯಮ್ಮನ ದನಿ ಕೊನೆಯ ಸಲ ಹಾದುಹೋದದ್ದು ನನ್ನ ಮೂಲಕ. ಅದನ್ನು ಕೇಳಿದವರು ಒಬ್ಬ ಕಿವುಡ, ಒಬ್ಬ ವ್ಯಾಪಾರದವನು. ಗಂಡ ಅವಳ ದನಿ ಕೇಳಿಸದವನಾದ, ಅವಳು ಅವನಿಗೆ ಹಾಡದವಳಾದಳು. ಆದರೂ ಆ ಹಾಲಿನಲ್ಲಿ ದಿನವೂ ಸಂಜೆ ಕಚೇರಿ ನಡೆಯುತ್ತದೆ, ದಿನವೂ ಹೊಗಳಿಕೆ ಸಲ್ಲುತ್ತದೆ. ನನ್ನ ಹಲಗೆಯ ಮೇಲೆ ಕೂತಿರುವ ಆ ಹೊಳಪಿನವನು ಮಾತ್ರ ಆ ಹೊತ್ತು ಏನು ಮಾಡುತ್ತಾನೋ ನನಗೆ ತಿಳಿಯದು.